ಎಲೆಡಬ್ಬಿ ನಾಟಕ

ಚನ್ನಣ್ಣಾ,

ಸಿಂಧನೂರಿನಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಮರುಟಪಾಲಿನಲ್ಲಿ ಬರೆ ಎಂದು ಕೇಳುವ ಹಾಗಿಲ್ಲವಲ್ಲ, ಆ ಸಾಲನ್ನು ಬಿಟ್ಟಿದ್ದೇನೆ. ನೀನು ಹೋಗಿ ವರ್ಷವಾಗುತ್ತ ಬಂತು. ನಾನು ಲಿಂಗಸುಗೂರಿನ ನಿನ್ನ ಶಾಲೆಗೆ ಬರೆದ ಪತ್ರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದವನು ನೀನು. ತಂಗಿಯ ಪತ್ರಕ್ಕೆ ಮಾರ್ಕು ಹಾಕುವ ಅಣ್ಣ ಇನ್ನೆಲ್ಲಾದರೂ ಇದ್ದಾನೆಯೇ? ಆಗ ಸಿಟ್ಟು ಬರುತ್ತಿತ್ತು. ಈಗ ಎಷ್ಟು ತಪ್ಪು ಬರೆದರೂ ತಿದ್ದುವವರಿಲ್ಲ ಎಂದು ಕಣ್ಣು ತುಂಬುತ್ತದೆ.

ನಿನ್ನ ನಾಟಕದ ಸುದ್ದಿ ಹೇಳಬೇಕಾಗಿದೆ. "ನೀಲಿ, ಆ ನಾಟಕದ ಮಾತು ನನ್ನ ಮುಂದ ಎತ್ತಬ್ಯಾಡ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದೆ. ನೀನಿರುವವರೆಗೂ ಎತ್ತಲಿಲ್ಲ. ಈಗ ಎತ್ತುತ್ತೇನೆ, ಬೈಯಬೇಕೆನಿಸಿದರೆ ಬಾ. ಆದರೆ ಮೊದಲಿನಿಂದ ಹೇಳುತ್ತೇನೆ, ಸುದ್ದಿ ಕೊನೆಗೆ ಬರುತ್ತದೆ. ಹಾಳೆ ತಿರುವಿ ಕೊನೆಯ ಸಾಲು ಮೊದಲು ಓದುವ ನಿನ್ನ ಚಾಳಿ ಇಲ್ಲಿ ನಡೆಯುವುದಿಲ್ಲ.

ನಿಜಾಮರ ರಾಜ್ಯ ಹೋದ ಮರುವರ್ಷ, ದೀಪಾವಳಿ ರಜೆಗೆ ನೀನು ಮಸ್ಕಿಗೆ ಬಂದಿದ್ದ ದಿನ ನೆನಪಿದೆಯೇ? ಅಪ್ಪ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ. ನೀನು ಶೇಂಗಾ ಚೀಲದ ಮೇಲೆ ಕಾಲು ಇಳಿಬಿಟ್ಟು ಕುಳಿತು ನನಗೆ ಹೈದರಾಬಾದಿನಲ್ಲಿ ಓದಿದ ಕಥೆ ಹೇಳುತ್ತಿದ್ದೆ. "ಯುರೋಪಿನ ನಡುವ ಚೆಕ್ ಮಂದಿದೊಂದು ಸಣ್ಣ ದೇಶ ಅದ ನೀಲಿ. ಅಲ್ಲೊಬ್ಬ ನಾಟಕ ಬರದಾನ, ನಾ ಹುಟ್ಟೋ ಹೊತ್ತಿನಾಗ. ಅದರಾಗೊಂದು ಕಾರ್ಖಾನಿ. ಅಲ್ಲಿ ಕೆಲಸಕ್ಕಂತನ ಮನಶ್ಯಾರನ್ನ ತಯಾರು ಮಾಡ್ತಾರ. ಅವರಿಗೆ ಸಿಟ್ಟಿಲ್ಲ, ದಣಿವಿಲ್ಲ, ಪಗಾರಿಲ್ಲ."

"ಹಂಗಾದ್ರ ಆ ಕಾರ್ಖಾನ್ಯಾಗ ಸೊಸಿ ಮಾಡ್ತಾರ ಅನ್ನು" ಎಂದೆ ನಾನು. ನನ್ನ ಮದುವೆಯ ಮಾತು ನಡೆಯುತ್ತಿದ್ದ ದಿನಗಳು ಅವು. ನೀನು ಚೀಲದಿಂದ ಜಾರಿ ಬೀಳುವಷ್ಟು ನಕ್ಕೆ. ಆಮೇಲೆ ನಗು ನಿಲ್ಲಿಸಿ ಹೇಳಿದೆ: "ಆ ಆಳಿಗೆ ಅವ ಒಂದು ಹೆಸರು ಇಟ್ಟ. ರೋಬೋಟ್ ಅಂತ. ಈಗ ಲೋಕಕ್ಕೆಲ್ಲ ಅದ ಹೆಸರು. ಅವರ ಭಾಷಾದಾಗ ಅದು ಯಾವ ಶಬ್ದದಿಂದ ಬಂದದ ಗೊತ್ತೇನು? ಬಿಟ್ಟಿ ಚಾಕರಿ." ಅಪ್ಪನ ತಕ್ಕಡಿ ಅಲ್ಲೇ ನಿಂತಿತು. "ಏನಂದಿ?" "ಬಿಟ್ಟಿ, ಅಪ್ಪಾ. ಚಾವಡಿ ಮುಂದ ಪಾಳಿ ಪ್ರಕಾರ ಬಂದು ನಿಂದರ್ತಾರಲ್ಲ, ಅದ." ಅಪ್ಪ, "ಅಲ್ಲೂ ಗೌಡ್ರು ಅದಾರೇನು?" ಎಂದು ಕೇಳಿ ಮತ್ತೆ ಬೆಲ್ಲ ತೂಗಿದ.

ಆ ರಜೆಯಲ್ಲೇ ನೀನು ನಿನ್ನ ಟ್ರಂಕಿನಿಂದ ಹಳೆಯ ಇಂಗ್ಲಿಷ್ ಮಾಸಪತ್ರಿಕೆಗಳನ್ನು ತೆಗೆದು ತೋರಿಸಿದೆ. ಹೈದರಾಬಾದಿನ ಬೀದಿ ಬದಿಯಲ್ಲಿ ಕೊಂಡವು. ಮೇಲ್ಹಾಳೆಯ ಮೇಲೆ ತಗಡಿನ ಮೈಯ ದೈತ್ಯರು, ಅವರ ತೋಳಿನಲ್ಲಿ ಕಿರುಚುವ ಹೆಂಗಸರು. ಅವ್ವ ನೋಡಿಬಿಟ್ಟರೆ ಎಂದು ನಾನು ಸೆರಗಿನಲ್ಲಿ ಮುಚ್ಚಿಕೊಂಡು ನೋಡಿದೆ. "ಇವರೆಲ್ಲ ಆ ಚೆಕ್ ಮನಶ್ಯಾನ ಮೊಮ್ಮಕ್ಕಳು" ಎಂದೆ ನೀನು. "ಅವ ಬರದ ಮ್ಯಾಲೆ ಇಂಗ್ಲಂಡು, ಅಮೆರಿಕಾ ಎಲ್ಲಾ ಕಡಿ ಮುಂದಿನ ಕಾಲದ ಕಥಿಯೊಳಗ ಇವರು ಅಡ್ಡಾಡಾಕತ್ತಾರ. ಆದರ ಬರಿಯೋರು ತಗಡು ತಗೊಂಡಾರ, ಸಂಕಟ ಬಿಟ್ಟಾರ. ಅವನ ಆಳಿಗೆ ತಗಡೇ ಇಲ್ಲ ನೀಲಿ. ನಿನ್ನಂಗ, ನನ್ನಂಗ ಮೈ. ಎದುರಿಗೆ ನಿಂತ್ರ ಮನಶ್ಯಾ ಹೌದೋ ಅಲ್ಲೋ ಗೊತ್ತಾಗಂಗಿಲ್ಲ. ಅಂಜಿಕಿ ಇರೋದು ಅಲ್ಲಿ." ಆ ಮಾತು ನನಗೆ ಆಗ ಅರ್ಧ ತಿಳಿಯಿತು. ಉಳಿದರ್ಧ ತಿಳಿಯುವ ಹೊತ್ತಿಗೆ ನೀನು...

ಗಣಿತವನ್ನು ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲೇ ಕಲಿಸುತ್ತಿದ್ದವನು ನೀನು. ಸರ್ಕಾರ ಬದಲಾದ ಮೇಲೆ ಒಮ್ಮೆಲೇ ಕನ್ನಡದಲ್ಲಿ ಕಲಿಸು ಎಂದರು. ಉಳಿದ ಮಾಸ್ತರರು ತಲೆ ಮೇಲೆ ಕೈ ಹೊತ್ತು ಕುಳಿತರೆ ನೀನು ಮಾತ್ರ ಹಬ್ಬ ಬಂದವನಂತೆ ಓಡಾಡಿದೆ. ನನ್ನ ಶಾಲೆಯ ಪುಸ್ತಕಗಳನ್ನೇ ಕೇಳಿ ಪಡೆದು ಒತ್ತಕ್ಷರ ತಿದ್ದಿಕೊಂಡೆ. ಎರಡು ವರ್ಷದಲ್ಲಿ ನಿನ್ನ ಕನ್ನಡ ಎಷ್ಟು ದೊಡ್ಡದಾಯಿತೆಂದರೆ ನಮಗೇ ತಿಳಿಯದಾಯಿತು. ಒಂದು ದಿನ ಬಂದು, "ಕನ್ನಡದಾಗ ಮುಂದಿನ ಕಾಲದ ನಾಟಕ ಬರಿಯಾಕತ್ತೀನಿ" ಎಂದೆ. ಪುರಾಣ ಹೋಗಲಿ, ಹಿಂದಿನ ರಾಜರ ಕಥೆಯೂ ಅಲ್ಲ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಬಾಳುವ ಕಾಲದ ಮಸ್ಕಿ! ಗುಡ್ಡದ ಬುಡದಲ್ಲಿ ಆಳುಗಳನ್ನು ಮಾಡುವ ಕಾರ್ಖಾನೆ. ಅದರ ಒಡೆಯ ಒಬ್ಬ ಸರದಾರ. ಆಳುಗಳು ಹೊಲ ಉಳುತ್ತಾರೆ, ನೀರು ಹೊರುತ್ತಾರೆ, ಊರವರು ಕೂತು ಉಣ್ಣುತ್ತಾರೆ. ಕೊನೆಗೆ ಒಂದು ದಿನ ಆಳುಗಳು 'ಆಗುವುದಿಲ್ಲ' ಎನ್ನುತ್ತಾರೆ. ಆ ಆಳುಗಳಿಗೆ ನೀನಿಟ್ಟ ಹೆಸರು ಬಿಟ್ಟಿಯಾಳು.

ನಾನು ಹೆರಿಗೆಗೆ ತವರಿಗೆ ಬಂದಿದ್ದಾಗ ನೀನು ಅದನ್ನು ಓದಿ ತೋರಿಸಿದೆ. ಕೊನೆಯ ಅಂಕದಲ್ಲಿ ಬಿಟ್ಟಿಯಾಳುಗಳ ಮುಖಂಡ ಆಡುವ ಆ ಉದ್ದನೆಯ ಮಾತು ಬಂದಾಗ ನನಗೆ ನಿದ್ದೆ ಹತ್ತಿತ್ತು, ನಿಜ ಹೇಳುತ್ತೇನೆ. ಬಸುರಿ ಹೆಂಗಸಿಗೆ ಅಂಥ ಕನ್ನಡ ಓದಿದರೆ ಇನ್ನೇನಾಗುತ್ತದೆ? "ಇಂದಿನಿಂದ" ಎಂದು ಶುರುವಾಗುತ್ತಿತ್ತು, ಅಷ್ಟು ಕೇಳಿದ್ದೇನೆ. ಎಚ್ಚರವಾದಾಗ ನೀನಿನ್ನೂ ಓದುತ್ತಲೇ ಇದ್ದೆ.

ಪಾತ್ರಕ್ಕೆ ಜನ ಹುಡುಕಿದ ದಿನಗಳು ನೆನಪಾದರೆ ಇಂದೂ ನಗು ಬರುತ್ತದೆ. ಮಸ್ಕಿಯ ಬಯಲಾಟದ ಮಂದಿ, ಕಿರೀಟ ಇಲ್ಲದ ಪಾತ್ರ ಯಾರಿಗೆ ಬೇಕು ಎಂದು ಮುಖ ತಿರುಗಿಸಿದರು. ಆಗ ನೀನು ಹೋಗಿ ನಿಂತದ್ದು ಚಾವಡಿಯ ಮುಂದೆ. ಬಿಟ್ಟಿ ಈಗ ಕಾನೂನಿಗೆ ವಿರುದ್ಧ ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ಪಾಳಿ ಬಂದ ಮನೆಯವನು ಬೆಳಿಗ್ಗೆ ಬಂದು ನಿಲ್ಲುತ್ತಲೇ ಇದ್ದ. ಅಧಿಕಾರಿ ಬಂದರೆ ಹಾಸಿಗೆ ಹೊರಬೇಕು, ಗೌಡರ ಮನೆಯ ಕಟ್ಟಿಗೆ ಒಡೆಯಬೇಕು. ಕರೆ ಬರುವವರೆಗೆ ಕೂರುವಂತಿಲ್ಲ, ಕರೆ ಬಂದರೆ ಉಣ್ಣುವ ಕೈಯನ್ನೂ ತೊಳೆದು ಓಡಬೇಕು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. 'ಏ ಯಾರಲೇ ಅಲ್ಲಿ' ಎಂದರೆ ಸಾಕು. ಅವತ್ತು ಅಲ್ಲಿ ನಿಂತಿದ್ದವನು ಹುಲಿಗೆಪ್ಪ. ನೀನು ಮನೆಗೆ ಬಂದವನೇ, "ನಿಲ್ಲೋದು ಕಲಸಬೇಕಾಗಿಲ್ಲ ನೀಲಿ, ನೊಣ ಕುಂತ್ರೂ ಅಲುಗಾಡಂಗಿಲ್ಲ ಅವ" ಎಂದು ಸಂಭ್ರಮಪಟ್ಟೆ. ಅವನ ಜೊತೆಗೆ ಅಂಥದೇ ಮನೆಗಳ ಇನ್ನೂ ಕೆಲವರು ಬಂದರು.

ನಮ್ಮ ಹಿತ್ತಲಲ್ಲಿ ತಾಲೀಮು ನಡೆಯುತ್ತಿತ್ತು. ಓದು ಬಾರದವರು, ನೀನು ಹೇಳಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದರು. ತಮ್ಮ ಮಾತಷ್ಟೇ ಅಲ್ಲ, ಎದುರಿನವರ ಮಾತನ್ನೂ. "ಹುಲಿಗೆಪ್ಪ, ನೀ ಈಗ ಮಷೀನು. ಮಷೀನಿಗೆ ಸಿಟ್ಟು ಬರಂಗಿಲ್ಲ" ಎಂದೆ ನೀನು. "ನಮಗೂ ಬರಂಗಿಲ್ರಿ ಮಾಸ್ತರ" ಎಂದ ಅವನು. "ಮುಂದ ಬರ್ತದ." "ಯಾವಾಗ್ರಿ?" "ಕಡೀ ಅಂಕದಾಗ." ಹುಲಿಗೆಪ್ಪ ತಲೆ ಕೆರೆದುಕೊಂಡು, "ಕಡೀ ಅಂಕದ ಮಟಾ ಯಾಕ ಕಾಯ್ಬೇಕ್ರಿ?" ಎಂದು ಕೇಳಿದ. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ನಾನು ನಕ್ಕದ್ದಕ್ಕೆ ನೀನು ನನ್ನನ್ನು ಒಳಗೆ ಕಳಿಸಿದೆ.

ತಗಡಿನ ಮಾತು ತೆಗೆದವರು ಊರ ಹಿರಿಯರು. ತಾಲೀಮು ನೋಡಲು ಬಂದು, "ಮಾಸ್ತರ, ಮಷೀನು ಅಂತೀರಿ, ನೋಡಿದ್ರ ನಮ್ಮ ಹುಲಿಗ್ಯಾನಂಗ ಅದಾನ. ಮಷೀನು ಮಷೀನಿನಂಗ ಕಾಣಬೇಕಲ್ಲ?" ಎಂದರು. ಆ ಚೆಕ್ ಲೇಖಕ ತಗಡು ತೊಡಿಸಿರಲಿಲ್ಲ ಎಂದು ನೀನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನೀನೇ ಸೋತೆ. ಸೀಮೆಎಣ್ಣೆ ಡಬ್ಬಿಗಳನ್ನು ಬಿಚ್ಚಿ, ಬಡಿದು, ಎದೆಗೂ ಬೆನ್ನಿಗೂ ತಗಡು ಕಟ್ಟಿಸಿದೆ. ಅಂಚು ಮೈಗೆ ಕೊರೆಯಬಾರದೆಂದು ಒಳಗೆ ಗೋಣಿಯ ಅಸ್ತರು ಹೊಲಿದವಳು ನಾನು, ಆ ದೊಡ್ಡ ಹೊಟ್ಟೆ ಹೊತ್ತುಕೊಂಡು. ತಗಡು ಬಿಸಿಲಿಗೆ ಹೊಳೆಯಬೇಕೆಂದು ನಾಟಕವನ್ನೇ ಹಗಲಿಗೆ ಇಟ್ಟೆ. ಹಗಲು ನಾಟಕ! ಮಸ್ಕಿಯಲ್ಲಿ ಅಂಥದ್ದನ್ನು ಯಾರು ಕೇಳಿದ್ದರು?

ಅವತ್ತು ಸಂತೆಯ ದಿನ. ಸಂತೆ ಮುಗಿಸಿದವರೆಲ್ಲ ಬುಟ್ಟಿ ಚೀಲ ಸಮೇತ ಕಣಕ್ಕೆ ಬಂದು ಕುಳಿತರು. ನಾನು ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಹೆಂಗಸರ ಕಡೆ ಇದ್ದೆ. ಮುಂದೆ ಕುರ್ಚಿಯಲ್ಲಿ ಗೌಡರು. ಮೊದಲ ಅಂಕದಲ್ಲಿ ಸರದಾರನ ಮನೆಯ ಗೋಡೆಯಲ್ಲಿ ನಳ ತಿರುಗಿಸಿದರೆ ನೀರು ಬಂದಾಗ ಜನ ಹೋ ಎಂದರು. ಹಿಂದೆ ಅಡಗಿ ಕೊಡದಿಂದ ನೀರು ಸುರಿಯುತ್ತಿದ್ದವನು ನೀನೇ, ನನಗೆ ಗೊತ್ತಿತ್ತು. ಇಳಿಬಿಸಿಲು ತಗಡುಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಬಿಟ್ಟಿಯಾಳುಗಳು ಸಾಲಾಗಿ ಬಂದು ನಿಂತರೆ ಮಕ್ಕಳು ತಾಯಂದಿರ ಹಿಂದೆ ಸರಿದರು. ಇಷ್ಟು ಜನ ಇಷ್ಟು ಸುಮ್ಮನೆ ಕುಳಿತದ್ದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಅಣ್ಣ ಗೆದ್ದ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕೊನೆಯ ಅಂಕ ಬಂತು. ಹುಲಿಗೆಪ್ಪ ಸಾಲಿನಿಂದ ಮುಂದೆ ಬಂದ. ಸರದಾರನನ್ನು ನೆಟ್ಟಗೆ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಕುರ್ಚಿಯಿಂದ ಗೌಡರು, ತಲೆ ಕೂಡ ತಿರುಗಿಸದೆ, "ಏ ಯಾರಲೇ ಅಲ್ಲಿ, ಎಲಿಡಬ್ಬಿ ತಾ" ಎಂದರು. ಬೇಕೆಂದು ಅಂದದ್ದಲ್ಲ, ಅದನ್ನು ಒಪ್ಪಬೇಕು. ಅವರೂ ನಾಟಕದಲ್ಲೇ ಮುಳುಗಿದ್ದರು, ಬಾಯಿಗೆ ಎಲೆ ಬೇಕೆನಿಸಿತು, ಅಂದರು. ಹುಲಿಗೆಪ್ಪನ ಕೈ, ಗೌಡರ ಮುಂದೆ ಹೋಗುವಾಗಿನ ರೂಢಿಯಂತೆ, ಹೆಗಲ ಮೇಲಿನ ವಸ್ತ್ರ ತೆಗೆಯಲು ಹೋಯಿತು. ವಸ್ತ್ರವಿರಲಿಲ್ಲ, ತಗಡು ಬಡಿಯಿತು. ಅವನು ರಂಗದಿಂದ ಇಳಿದ. ಝಣ ಝಣ ಎನ್ನುತ್ತ ಜನರ ನಡುವೆ ಹಾದು ಗೌಡರ ಬಂಡಿಗೆ ಹೋಗಿ ಎಲೆಡಬ್ಬಿ ತಂದು, ಬಗ್ಗಿ ಕೊಟ್ಟ. ಆಮೇಲೆ ತಲೆ ಎತ್ತಿ ರಂಗದ ಕಡೆ ನೋಡಿದ.

ಆ ನಗು ಇಂದಿಗೂ ನನ್ನ ಕಿವಿಯಲ್ಲಿದೆ. ಹೊಟ್ಟೆ ಹಿಡಿದುಕೊಂಡು, ಬುಟ್ಟಿಗಳ ಮೇಲೆ ಬಿದ್ದು ನಕ್ಕರು. ಗೌಡರೂ ನಕ್ಕರು. ಹುಲಿಗೆಪ್ಪ ರಂಗಕ್ಕೆ ಮರಳಿ ಹತ್ತಲಾರದೆ, ಮನೆಗೆ ಹೋಗಲಾರದೆ ನಡುವೆಯೇ ನಿಂತ. ರಂಗದ ಮೇಲೆ ಉಳಿದ ಬಿಟ್ಟಿಯಾಳುಗಳು ಅಲುಗಾಡದೆ ನಿಂತೇ ಇದ್ದರು, ಪಾಪ; ಅವರಿಗೆ ಯಾರೂ ಏನೂ ಹೇಳಿರಲಿಲ್ಲವಲ್ಲ. ನೀನು ಪರದೆಯ ಹಿಂದಿನಿಂದ ಬಂದು ಕೈ ಮುಗಿದೆ. "ನಾಟಕ ಮುಗೀತ್ರಿ" ಎಂದೆ. ನಿನ್ನ ಆ ಮುಖವನ್ನು ನಾನು ನೋಡಬಾರದಿತ್ತು ಅಣ್ಣಾ.

ಮರುದಿನ ಬೆಳಿಗ್ಗೆ ಸ್ನಾನದ ನೀರಿನ ಒಲೆಯ ಮುಂದೆ ನೀನು ಕುಳಿತಿದ್ದೆ. ನಾಟಕದ ಹಾಳೆಗಳನ್ನು ಒಂದೊಂದಾಗಿ ಒಳಗೆ ತಳ್ಳುತ್ತಿದ್ದೆ. ನಾನು ಓಡಿಬರುವ ಹೊತ್ತಿಗೆ ಮುಗಿದಿತ್ತು. "ಅವನ ನಾಟಕ ನೋಡಿ ಲೋಕದ ಮಂದಿ ಅಂಜಿದ್ರು ನೀಲಿ. ನನ್ನ ನಾಟಕ ನೋಡಿ ನಕ್ಕರು" ಎಂದೆ. "ಇನ್ನೊಮ್ಮಿ ಆಡಿಸೋ" ಎಂದರೆ, "ಆಳು ಎದ್ದು ನಿಲ್ಲದ ಊರಾಗ ಏನ ಆಡಸಲಿ?" ಎಂದೆ. ಆವತ್ತೇ ಆಣೆ ಹಾಕಿಸಿಕೊಂಡದ್ದು. ಆ ನೀರಿನಲ್ಲೇ ನನ್ನ ಮಗುವಿಗೆ ಎರೆದೆವು.

ಎಲೆಡಬ್ಬಿ ನಾಟಕ ಎಂಬ ಹೆಸರು ನಿನಗಿಂತ ಮೊದಲೇ ಲಿಂಗಸುಗೂರು ಮುಟ್ಟಿತ್ತು. ಶಾಲೆಯಲ್ಲಿ ಮಾಸ್ತರರು ಎಲೆ ಹಾಕಿಕೊಳ್ಳುವಾಗಲೆಲ್ಲ ನಿನ್ನ ಕಡೆ ನೋಡಿ, "ಏ ಯಾರಲೇ ಅಲ್ಲಿ" ಎನ್ನುತ್ತಿದ್ದರಂತೆ. ನಿನ್ನ ಹೆಂಡತಿ, ನಮ್ಮ ವೈನಿ, ಹೇಳಿದಳು. ನೀನೂ ನಗುತ್ತಿದ್ದೆಯಂತೆ. ಮಸ್ಕಿಯ ಗುಡ್ಡದಿಂದ ಚಂದ್ರನಿಗೆ ಹೊರಟವನೊಬ್ಬನ ಕಥೆ ಬರೆಯುತ್ತೇನೆ ಎಂದಿದ್ದೆಯಲ್ಲ, ಅವನು ಗುಡ್ಡ ಹತ್ತಲೇ ಇಲ್ಲ. ಕೇಳಿದರೆ, "ಪುರಸೊತ್ತಿಲ್ಲ ನೀಲಿ, ಕಾಪಿ ತಿದ್ದೋದು ರಾಶಿ ಬಿದ್ದದ" ಎನ್ನುತ್ತಿದ್ದೆ. ಕನ್ನಡದಲ್ಲಿ ಮುಂದಿನ ಕಾಲದ ಕಥೆ ಬರೆಯಬಲ್ಲವನು ಬೇರೆಯವರ ಕಾಗುಣಿತ ತಿದ್ದುತ್ತ ಕುಳಿತ. ನನಗೆ ಅದೇ ಹೊಟ್ಟೆಯುರಿ. ಆ ಚೆಕ್ ಲೇಖಕನ ಮೊಮ್ಮಕ್ಕಳಲ್ಲಿ ಒಬ್ಬನಾದರೂ ತಗಡು ಬಿಟ್ಟು ಸಂಕಟ ತೆಗೆದುಕೊಂಡವನು ನಮ್ಮ ಮನೆಯಲ್ಲಿದ್ದ ಎಂದು ಯಾರಿಗೆ ಹೇಳಲಿ?

ಹುಲಿಗೆಪ್ಪನನ್ನು ಹುಡುಕಿಕೊಂಡು ನೀನು ಅವನ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಿಂಧನೂರಿನ ಕಡೆ ಕಾಲುವೆ ಅಗೆಯುವ ಕೆಲಸಕ್ಕೆ ಹೋಗಿಬಿಟ್ಟಿದ್ದ. ಮೈಲಿಗಟ್ಟಲೆ ಕಾಲುವೆ, ಅಷ್ಟೊಂದು ಜನ, ಎಲ್ಲಿ ಹುಡುಕುವುದು? ಕೊನೆಗೆ ವಿಷಮಜ್ವರದಲ್ಲಿ ಮಲಗಿದ್ದಾಗ, ನಾನು ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದರೆ, ನೀನು ಕೇಳಿದ್ದು ನೀರಲ್ಲ. "ಹುಲಿಗೆಪ್ಪ ಸಿಕ್ಕರ ಹೇಳವ್ವ, ತಪ್ಪು ಅವಂದಲ್ಲ. ಅವನ ಮಾನ ನಾ ಮಂದ್ಯಾಗ..." ಎಂದು ಅಲ್ಲಿಗೇ ನಿಲ್ಲಿಸಿದೆ. ಆಣೆ ನೀನೇ ಮುರಿದೆ ನೋಡು. ಆಮೇಲೆ ನೀನು ಹೆಚ್ಚು ಮಾತಾಡಲಿಲ್ಲ.

ನೀನಿಲ್ಲದ ಈ ವರ್ಷದಲ್ಲಿ ಏನೇನೋ ಆಯಿತು. ಹೈದರಾಬಾದು ರಾಜ್ಯ ಒಡೆದು ನಾವೀಗ ಕನ್ನಡದವರ ಜೊತೆ ಸೇರಿದ್ದೇವೆ. ನೀನಿದ್ದಿದ್ದರೆ ಶಾಲೆಯ ಮಕ್ಕಳಿಗೆಲ್ಲ ಪೇಡೆ ಹಂಚುತ್ತಿದ್ದೆ. ಸಿಂಧನೂರಿನ ಸುತ್ತ ಕಾಲುವೆ ನೀರು ಬಂದು ಜೋಳದ ಹೊಲಗಳಲ್ಲಿ ಭತ್ತ ನಿಂತಿದೆ. ಆಂಧ್ರದಿಂದ ಬಂದವರು ಗದ್ದೆ ಮಾಡುವುದನ್ನು ನೋಡಿ ನಮ್ಮವರೂ ಕಲಿಯುತ್ತಿದ್ದಾರೆ. ನನ್ನ ಯಜಮಾನರ ಬಟ್ಟೆ ಅಂಗಡಿಗೆ ಈಗ ತೆಲುಗು ಮಾತಾಡುವ ಗಿರಾಕಿಗಳೇ ಹೆಚ್ಚು. ಆ ಅಂಗಡಿಗೇ ಒಂದು ಮಧ್ಯಾಹ್ನ ಹುಲಿಗೆಪ್ಪ ಬಂದ.

ಕೂದಲು ನೆರೆತಿತ್ತು, ಆದರೂ ನಿಂತ ರೀತಿಯಿಂದಲೇ ಗುರುತು ಹಿಡಿದೆ. ಕೂಡು ಎಂದರೂ ಕೂರಲಿಲ್ಲ. "ನಾ ಈಗ ವಳಕಮದಿನ್ನ್ಯಾಗ ಅದೀನ್ರಿ ಅಕ್ಕಾರ, ಗದ್ದಿ ಕೂಲಿಗೆ. ಮಾಸ್ತರು ಎಲ್ಲದಾರ್ರಿ? ಅವರಿಂದ ಒಂದು ಮಾತು ಬೇಕಾಗೈತಿ" ಎಂದ. ನೀನಿಲ್ಲ ಎಂದು ಹೇಳಿದೆ. ಅವನು ಅಂಗಡಿಯ ಕಟ್ಟೆಗೆ ಒರಗಿ ಹಾಗೇ ಕೆಳಗೆ ಕುಳಿತುಬಿಟ್ಟ.

"ಮಾಸ್ತರು ನನ್ನ ಮ್ಯಾಲ ಸಿಟ್ಟಾಗ್ಯಾರಂತ ನಾ ಮಸ್ಕಿ ಬಿಟ್ಟೆನ್ರಿ" ಎಂದ ಆಮೇಲೆ. ನಿನ್ನ ಕೊನೆಯ ಮಾತು ಹೇಳಿದೆ. ಅವನು ವಸ್ತ್ರದಿಂದ ಮುಖ ಮುಚ್ಚಿಕೊಂಡ. ಅವನು ನಿನಗೆ ಅಂಜಿ ಊರು ಬಿಟ್ಟಿದ್ದ, ನೀನು ಅವನಿಗೆ ನಾಚಿ ಬರೆಯುವುದು ಬಿಟ್ಟಿದ್ದೆ. ಇಬ್ಬರ ನಡುವೆ ಒಂದು ದಿನದ ದಾರಿ ಇತ್ತು, ಅಷ್ಟೇ. ಯಾರಾದರೂ ಒಬ್ಬರು ನಡೆದಿದ್ದರೆ...

ಅವನಿಗೆ ಬೇಕಾಗಿದ್ದ ಮಾತು ಯಾವುದು ಗೊತ್ತೇ? ಕಾಲುವೆಯ ಮೇಲೆ ಜೊತೆಗಾರರು, ಎಲೆಡಬ್ಬಿ ನಾಟಕದವನು ನೀನೇ ಏನು ಎಂದು ಕೆಣಕುತ್ತಿದ್ದರಂತೆ. ಮೊದಮೊದಲು ನಾಚಿಕೆ. ಒಂದು ದಿನ, ನಗುವುದಾದರೆ ಪೂರ್ತಿ ಕೇಳಿ ನಗಿರಿ ಎಂದು ನಾಟಕವನ್ನು ಮೊದಲಿನಿಂದ ಹೇಳಿದನಂತೆ. ಯಾರೂ ನಗಲಿಲ್ಲವಂತೆ. ಮತ್ತೆ ಮತ್ತೆ ಕೇಳಿದರಂತೆ. ಈಗ ವಳಕಮದಿನ್ನಿಯ ಕೂಲಿಯವರೆಲ್ಲ ಸೇರಿ ಸುಗ್ಗಿ ಮುಗಿದ ಮೇಲೆ ಆಡಬೇಕೆಂದಿದ್ದಾರೆ. "ಎಲ್ಲಾ ಬಾಯಾಗೈತ್ರಿ ಅ‌ಕ್ಕಾರ, ಸರದಾರನ ಮಾತೂ ಐತಿ. ನನ್ನ ಕಡೀ ಮಾತು ಒಂದ ಬರವಲ್ದು. ಅದನ್ನ ಆಡೂಕ ಮೊದ್ಲ ಇಳದ್ ಹೋದೆನಲ್ರಿ, ಅವತ್ತಿನಿಂದ ಅದು ಬಾಯಿಗೆ ಹತ್ತವಲ್ದು. ಅದಿಲ್ದ ನಾಟಕ ಹೆಂಗ್ರಿ?" ನನ್ನ ಹತ್ತಿರವಾದರೂ ಎಲ್ಲಿದೆ? ಹಾಳೆಗಳು ಒಲೆಗೆ ಹೋದವು, ನಾನು ನಿದ್ದೆ ಹೋಗಿದ್ದೆ. "ಇಂದಿನಿಂದ ಅಂತ ಸುರು ಆಗ್ತದ, ಹುಲಿಗೆಪ್ಪ. ಅಷ್ಟ ನನಗ ಗೊತ್ತು" ಎಂದೆ. "ಅಷ್ಟ ನನಗೂ ಗೊತ್ತೈತ್ರಿ" ಎಂದು ಎದ್ದು ಹೋದ.

ಹೋದ ವಾರ ನಾನು ವಳಕಮದಿನ್ನಿಗೆ ಹೋಗಿದ್ದೆ. ಭತ್ತ ಬಡಿದ ಕಣ, ಇನ್ನೂ ಹುಲ್ಲಿನ ವಾಸನೆ. ಹಗಲು ನಾಟಕವೇ, ಮಾಸ್ತರು ಹಾಗೆ ಇಟ್ಟಿದ್ದರು ಎಂದು ಹಾಗೇ ಇಟ್ಟಿದ್ದಾರೆ. ಆದರೆ ತಗಡಿಲ್ಲ. ಯಾಕೆ ಎಂದು ಕೇಳಿದರೆ ಹುಲಿಗೆಪ್ಪ, "ತಗಡು ಯಾಕ್ರಿ? ಬಿಟ್ಟಿ ಮಾಡೋ ನಮ್ಮ ಮೈ ಮ್ಯಾಲ ಎಂದಾರ ತಗಡು ಇತ್ತೇನ್ರಿ?" ಎಂದ. ಮಾಸಿದ ಧೋತರ, ಹೆಗಲ ಮೇಲೆ ವಸ್ತ್ರ, ದಿನದ ಉಡುಪೇ. ಎದುರಿಗೆ ನಿಂತರೆ ಮನುಷ್ಯ ಹೌದೋ ಅಲ್ಲವೋ ತಿಳಿಯಬಾರದು ಎಂದಿದ್ದೆಯಲ್ಲ ನೀನು? ಶುರುವಿಗೆ ಅವನು ಕೈ ಮುಗಿದು ಹೇಳಿದ: "ಈ ಆಟದ ಬೀಜ ಚೆಕ್ ಅಂಬೋ ಊರಿಂದು. ನಮ್ಮ ಮಣ್ಣಾಗ ಬಿತ್ತಿದವ್ರು ಮಸ್ಕಿ ಚನ್ನಬಸಪ್ಪ ಮಾಸ್ತರು. ಅವರೀಗಿಲ್ಲ." ಚೆಕ್ ಒಂದು ಊರಲ್ಲ ಎಂದು ನಾನು ತಿದ್ದಲಿಲ್ಲ. ತಿದ್ದುವವನು ನೀನು.

ನಿನ್ನ ನಾಟಕ ಹಾಗೇ ಇರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಸಂಸ್ಕೃತದ ಮಾತುಗಳೆಲ್ಲ ಅವರ ಬಾಯಲ್ಲಿ ಸವೆದು ಬೇರೆಯಾಗಿದ್ದವು. ಸರದಾರ ನಡುವೆ ಎರಡು ತೆಲುಗು ಮಾತು ಆಡಿದ. ನಳದ ನೀರಿಗೆ ಇಲ್ಲಿ ಯಾರೂ ಹೋ ಎನ್ನಲಿಲ್ಲ. ಪಕ್ಕದಲ್ಲೇ ಕಾಲುವೆ ಹರಿಯುತ್ತಿತ್ತು, ಅಗೆದವರೇ ಕುಳಿತಿದ್ದರು. ಕೊನೆಯ ಅಂಕ ಬಂತು. ಆ ಮಾತಿಲ್ಲದೆ ಇವನೇನು ಮಾಡುತ್ತಾನೆ? ಹುಲಿಗೆಪ್ಪ ಸಾಲಿನಿಂದ ಮುಂದೆ ಬಂದ. ಸರದಾರನನ್ನು ನೋಡಿದ. "ಇಂದಿನಿಂದ" ಎಂದ. ನಿಂತ.

ಆಗ ಮುಂದಿನ ಕುರ್ಚಿಯಲ್ಲಿ ರುಮಾಲು ಸುತ್ತಿ ಕುಳಿತಿದ್ದವನೊಬ್ಬ ಕೂಗಿದ: "ಏ ಯಾರಲೇ ಅಲ್ಲಿ, ಎಲಿಡಬ್ಬಿ ತಾ." ಅವನು ಗೌಡನಲ್ಲ, ಹುಲಿಗೆಪ್ಪನ ಅತ್ತೆಯ ಮಗ, ಇವರೇ ಕೂರಿಸಿದ್ದು ಎಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಮಾತ್ರ ನನಗೆ ಮಸ್ಕಿಯ ಕಣವೇ ಕಂಡಿತು. ಹುಲಿಗೆಪ್ಪನ ಕೈ ಹೆಗಲಿಗೆ ಹೋಯಿತು, ವಸ್ತ್ರ ತೆಗೆಯಿತು. ಒಂದು ಕಾಲು ರಂಗದಿಂದ ಕೆಳಗೆ ಇಳಿಯಿತು. ಯಾರೂ ನಗಲಿಲ್ಲ ಅಣ್ಣಾ. ಅಲ್ಲಿದ್ದವರೆಲ್ಲ ಯಾವುದೋ ಒಂದು ಚಾವಡಿಯ ಮುಂದೆ ನಿಂತು ಬಂದವರೇ. ಅವನು ಹಾಗೇ ಬಹಳ ಹೊತ್ತು ನಿಂತ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಆಮೇಲೆ ಇಳಿಸಿದ ಕಾಲನ್ನು ಮೇಲೆ ತೆಗೆದುಕೊಂಡ. ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

"ನಾ ಬರಂಗಿಲ್ರಿ" ಎಂದ.

ಅಷ್ಟೇ. ನಿನ್ನ ಅಷ್ಟುದ್ದ ಮಾತಿನ ಜಾಗದಲ್ಲಿ ಅಷ್ಟೇ, ಅದಕ್ಕೂ ಒಂದು ರೀ ಹಚ್ಚಿ. ಸಿಟ್ಟಾಗಬೇಡ. ನೀನಿದ್ದಿದ್ದರೆ ಕೆಂಪು ಶಾಯಿ ತೆಗೆಯುತ್ತಿರಲಿಲ್ಲ ಎಂದು ನನಗೆ ಗೊತ್ತು.

ನನ್ನ ಪಕ್ಕದಲ್ಲಿ ಒಬ್ಬ ಮುದುಕಿ, ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಅದನ್ನು ತೆಗೆದು, "ಏ ತಮ್ಮಾ, ನನಗ ಕೇಳಲಿಲ್ಲೋ. ಇನ್ನೊಮ್ಮಿ ಅನ್ನಪಾ" ಎಂದು ಕೂಗಿದಳು. ಅವಳಿಗೆ ಚೆನ್ನಾಗಿ ಕೇಳಿತ್ತು, ಪಕ್ಕದಲ್ಲಿದ್ದ ನನಗೆ ಗೊತ್ತು. ಹುಲಿಗೆಪ್ಪ ಅವಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದ, ಈ ಸಲ ಗಟ್ಟಿಯಾಗಿ. ಹಿಂದಿನಿಂದ ಯಾರೋ ಎದ್ದು ನಿಂತರು. ಮತ್ತೊಬ್ಬರು ನಿಂತರು. ಕಂಪನಿ ನಾಟಕದಲ್ಲಿ ಒಳ್ಳೆಯ ಹಾಡಿಗೆ ಕೂಗುತ್ತಾರಲ್ಲ, ಹಾಗೆ ಕೂಗಿದರು. ಅವನು ಮತ್ತೆ ಮತ್ತೆ ಹೇಳಿದ.

ನಾನು ಮಗನನ್ನು ಎದೆಗವಚಿಕೊಂಡು ಅಳುತ್ತಿದ್ದೆ. ಒಂದೇ ಒಂದು ವರ್ಷ ಇದ್ದಿದ್ದರೆ ಏನಾಗುತ್ತಿತ್ತು ನಿನಗೆ? ನೀನು ಕೇಳದೇ ಹೋದ ಸುದ್ದಿ ಇದು. ಕೇಳು.

ಅಣ್ಣಾ, ನಿನ್ನ ನಾಟಕಕ್ಕೆ ವನ್ಸ್ ಮೋರ್ ಬಿತ್ತು.

ನಿನ್ನ
ನೀಲಿ